ನಿನ್ನೆಯ ದಾರಿ ಇವತ್ತು ಇರಲ್ಲ: ಹಿಮನದಿ ಮೇಲೆ ಒಂದು ದಿನ ನಡೆಯುವವರಿಗೆ

ಐಸ್‌ಲ್ಯಾಂಡ್‌ನಲ್ಲಿ ಹಿಮನದಿ ಗೈಡ್ ಕೆಲಸ ಮಾಡ್ತೀನಿ ಅಂದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಜಾರಲ್ವಾ? ನಾನು ತೀರ್ಥಹಳ್ಳಿ ಕಡೆಯವನು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿ, ಕೈಯಲ್ಲಿ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಗೆ ಹೋಗಿ ಬಂದವರಿಗೆ ಐಸ್ ಏನು ಮಹಾ ಅಂತ ನಗ್ತೀನಿ. ಅರ್ಧ ತಮಾಷೆ, ಅರ್ಧ ನಿಜ. ಅಂಗಳದಲ್ಲಿ ಅಜ್ಜಿ ಹೇಗೆ ನಡೀತಿದ್ದರು ನೆನಪಿಸಿಕೊಳ್ಳಿ. ಸಣ್ಣ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮೈಭಾರ ನೇರ ಪಾದದ ಮೇಲೆ. ಅವರು ಬಿದ್ದದ್ದು ನಾನು ನೋಡಿಲ್ಲ. ಓಡಿ ಹೋಗಿ ಬಿದ್ದದ್ದು ನಾನೇ.

ಈಗ ಬೆಂಗಳೂರಿಂದ, ಲಂಡನ್ನಿಂದ, ಅಮೆರಿಕದಿಂದ ಕನ್ನಡದವರು ಜಾಸ್ತಿ ಬರುತ್ತಿದ್ದಾರೆ. ಹೆಚ್ಚಿನವರು ಬರುವುದು ಸೋಲ್‌ಹೈಮಯೋಕುಲ್‌ಗೆ. ಯೋಕುಲ್ ಅಂದರೆ ಹಿಮನದಿ. ರಾಜಧಾನಿ ರೇಕ್ಯಾವಿಕ್‌ನಿಂದ ಕಾರಿನಲ್ಲಿ ಎರಡು, ಎರಡೂವರೆ ಗಂಟೆ. ದೊಡ್ಡ ಹಿಮದ ಟೋಪಿ ಮಿರ್‌ದಾಲ್ಸ್‌ಯೋಕುಲ್‌ನಿಂದ ಕೆಳಗೆ ಚಾಚಿದ ನಾಲಿಗೆ ಇದು, ಸುಮಾರು 8 ಕಿ.ಮೀ. ಉದ್ದ. ಅದರ ತುದಿ ಸಮುದ್ರ ಮಟ್ಟದಿಂದ ನೂರು ಮೀಟರ್ ಆಸುಪಾಸಿನಲ್ಲೇ ಇದೆ. ಹಾಗಾಗಿ ಹಿಮಾಲಯದ ತರ ಉಸಿರು ಕಟ್ಟುವುದು, ತಲೆ ಸುತ್ತುವುದು, ಇಲ್ಲಿ ಅದರ ಚಿಂತೆಯೇ ಇಲ್ಲ. "ನಾನು ಗೋಮುಖಕ್ಕೆ ಹೋಗಿ ಬಂದಿದ್ದೀನಿ, ಇದೂ ಅದೇ ತಾನೇ" ಅನ್ನುವವರಿಗೆ ಹೇಳುವುದಿಷ್ಟು. ಗೋಮುಖದಲ್ಲಿ ನೀವು ಗಂಗೋತ್ರಿ ಹಿಮನದಿಯ ಬಾಯಿಯ ತನಕ ಹೋಗಿ ನಿಂತು ನೋಡಿದ್ದೀರಿ, ಅಲ್ಲಿ ಕಾಡುತ್ತಿದ್ದದ್ದು ಎತ್ತರ. ಇಲ್ಲಿ ಐಸ್‌ನ ಮೈಮೇಲೆಯೇ ನಡೆಯುತ್ತೀರಿ, ನಿಮ್ಮನ್ನು ಕಾಯುವುದು ನಿಮ್ಮ ಪಾದ.

ಪಾರ್ಕಿಂಗ್‌ನಲ್ಲಿ ನಾನು ಮೊದಲು ನೋಡುವುದು ಮುಖ ಅಲ್ಲ, ಶೂ. ಓಡುವ ಶೂ ಹಾಕಿಕೊಂಡು ಬಂದರೆ ಬಾಡಿಗೆ ಬೂಟು ಕೊಡಿಸುತ್ತೇವೆ, ಯಾಕೆಂದರೆ ಮೆತ್ತಗಿನ ತಳಕ್ಕೆ ಕ್ರಾಂಪಾನ್, ಅಂದರೆ ಐಸ್ ಕಚ್ಚುವ ಉಕ್ಕಿನ ಹಲ್ಲು, ನಿಲ್ಲುವುದಿಲ್ಲ, ನಡೆಯುತ್ತಾ ನಡೆಯುತ್ತಾ ಕಳಚಿಕೊಳ್ಳುತ್ತದೆ. ಕಣಕಾಲು ಮುಚ್ಚುವ, ತಳ ಗಟ್ಟಿ ಇರುವ ಬೂಟು ಬೇಕು. ಎರಡನೆಯದು ಜೀನ್ಸ್. ದಯವಿಟ್ಟು ಬೇಡ. ಒದ್ದೆಯಾದ ಹತ್ತಿ ಬಟ್ಟೆ ಗಾಳಿಯಲ್ಲಿ ಮೈಯಿಂದ ಬಿಸಿಯನ್ನು ಹೀರಿ ಹೀರಿ ತೆಗೆಯುತ್ತದೆ. ಒಳಗೆ ಉಣ್ಣೆ, ಹೊರಗೆ ಮಳೆ ತಡೆಯುವ ಜಾಕೆಟ್ಟು, ಪ್ಯಾಂಟು. ಜುಲೈನಲ್ಲೂ ಗ್ಲೌಸ್ ಹಾಕಿಕೊಳ್ಳಿ ಅಂತ ಹೇಳಿದರೆ ನಗುತ್ತಾರೆ. ಅದು ಚಳಿಗೆ ಅಲ್ಲ. ಬಿದ್ದಾಗ ಕೈ ಊರುತ್ತೀರಿ, ಹಿಮನದಿಯ ಮೈ ಒಡೆದ ಗಾಜಿನ ಹಾಗೆ ಕೊಯ್ಯುತ್ತದೆ.

ಆಮೇಲೆ ಕ್ರಾಂಪಾನ್. ಎತ್ತಿಗೆ ಲಾಳ ಹೊಡೆಯುವುದನ್ನು ನೋಡಿದ್ದರೆ ಬೇರೆ ವಿವರಣೆ ಬೇಡ. ಬೂಟಿನ ಕೆಳಗೆ ಕಟ್ಟುವ ಹತ್ತು ಅಥವಾ ಹನ್ನೆರಡು ಹಲ್ಲಿನ ಉಕ್ಕಿನ ಚೌಕಟ್ಟು. ಇದರಲ್ಲಿ ನಡೆಯುವುದನ್ನು ಕಲಿಯಲು ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ಫೋನು ಜೇಬಲ್ಲಿರಲಿ. ಕೆಸರುಗದ್ದೆಯಲ್ಲಿ ನಾಟಿಗೆ ಇಳಿದವರ ಹಾಗೆ ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು. ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ, ನಾನು ನೋಡಿದ ಬೀಳುವಿಕೆಗಳಲ್ಲಿ ಇದೇ ಜಾಸ್ತಿ. ಹೆಜ್ಜೆ ಎತ್ತಿ ಇಡಬೇಕು, ಎಳೆಯಬಾರದು. ಧಡ್ ಅಂತ ತುಳಿಯಬೇಕು. ಎಲ್ಲ ಹಲ್ಲೂ ಒಟ್ಟಿಗೆ ಐಸ್‌ಗೆ ಇಳಿಯಬೇಕು.

ಹತ್ತುವಾಗ ಎಲ್ಲರೂ ಚೆನ್ನಾಗಿ ಹತ್ತುತ್ತಾರೆ. ಕಷ್ಟ ಇರುವುದು ಇಳಿಯುವಾಗ. ಭಯ ಆದಾಗ ಮನುಷ್ಯನ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದ ಕೂಡಲೇ ಹಿಮ್ಮಡಿಯ ಎರಡು ಹಲ್ಲು ಮಾತ್ರ ಐಸ್ ಹಿಡಿದಿರುತ್ತವೆ, ಮುಂದಿನವೆಲ್ಲ ಗಾಳಿಯಲ್ಲಿ, ಅಲ್ಲಿಗೆ ಮುಗಿಯಿತು. ಮಂಡಿ ಮಡಚಿ, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಅಂತ ಹೇಳುತ್ತೇನೆ. ಯಾರಿಗೂ ನಂಬಿಕೆ ಬರುವುದಿಲ್ಲ. ಎರಡು ಹೆಜ್ಜೆ ಇಟ್ಟು ನೋಡಿದ ಮೇಲೆ ಬರುತ್ತದೆ.

ಐಸ್ ಕೊಡಲಿಯನ್ನೂ ಕೈಗೆ ಕೊಡುತ್ತೇವೆ. ಒಂದು ಗುಟ್ಟು ಹೇಳಲಾ? ಒಂದು ದಿನದ ನಡಿಗೆಯಲ್ಲಿ ಅದರ ಮುಖ್ಯ ಉಪಯೋಗ ಊರುಗೋಲು, ಆಮೇಲೆ ಫೋಟೋ. ಗಟ್ಟಿ ಐಸ್ ಮೇಲೆ ಜಾರಿ ವೇಗ ಹಿಡಿದ ಮೇಲೆ ಕೊಡಲಿ ಚುಚ್ಚಿ ನಿಲ್ಲುವುದು ಪಳಗಿದವರಿಗೇ ಕಷ್ಟ. ಅದಕ್ಕೇ ಜಾರುವ ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗದೆ ಇರುವುದು ನಮ್ಮ ಕೆಲಸ.

ನೀವು ದುಡ್ಡು ಕೊಡುವುದು ಈ ಕೆಲಸಕ್ಕೆ. ಲಾಳ, ಹೆಲ್ಮೆಟ್ಟು, ಕೊಡಲಿ ಎಲ್ಲಾದರೂ ಬಾಡಿಗೆಗೆ ಸಿಗುತ್ತವೆ. ದಾರಿ ಸಿಗುವುದಿಲ್ಲ. ಹಿಮನದಿ ಅಂತ ಕನ್ನಡದಲ್ಲಿ ಸರಿಯಾಗಿಯೇ ಹೆಸರಿಟ್ಟಿದ್ದಾರೆ, ಇದು ಹರಿಯುತ್ತಲೇ ಇರುತ್ತದೆ. ಮೇಲಿಂದ ಒತ್ತಿಕೊಂಡು ಬರುತ್ತದೆ, ಕೆಳಗೆ ಕರಗುತ್ತದೆ, ಇಳಿಜಾರು ಕಡಿದಾದ ಕಡೆ ಬಿರಿಯುತ್ತದೆ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಮೇಲ್ಮೈ ಹಲವು ಸೆಂಟಿಮೀಟರ್ ಇಳಿದುಹೋಗುತ್ತದೆ. ನಿನ್ನೆ ಸಂಜೆ ನಾನು ಕಡಿದಿಟ್ಟ ಮೆಟ್ಟಿಲು ಇವತ್ತು ಬೆಳಿಗ್ಗೆ ಜಾರುಬಂಡೆ. ಅದಕ್ಕೆ ಸೀಸನ್ ಪೂರ್ತಿ ದೊಡ್ಡ ಕೊಡಲಿ ಹಿಡಿದು ಮತ್ತೆ ಮತ್ತೆ ಮೆಟ್ಟಿಲು ಕಡಿಯುವುದೇ ನಮ್ಮ ವ್ಯಾಯಾಮ.

ಹವಾಮಾನವೂ ದಾರಿ ಬದಲಿಸುತ್ತದೆ, ಅದೂ ನೀವು ಅಂದುಕೊಂಡ ಹಾಗಲ್ಲ. ಬಿಸಿಲು ಬಿದ್ದ ದಿನ ಮೇಲ್ಪದರ ಬೆಳ್ಳಗೆ, ಕಲ್ಲುಸಕ್ಕರೆ ಪುಡಿ ಮಾಡಿದ ಹಾಗೆ ಆಗುತ್ತದೆ. ಅದರ ಮೇಲೆ ಕಾಲು ಚೆನ್ನಾಗಿ ಕೂರುತ್ತದೆ. ಜೋರು ಮಳೆ ಬಂದರೆ ಆ ಪದರ ತೊಳೆದುಹೋಗಿ ಕೆಳಗಿನ ನೀಲಿ, ಗಟ್ಟಿ ಐಸ್ ಮೇಲೆ ಬರುತ್ತದೆ. ನೋಡಲು ಚಂದ, ನಡೆಯಲು ಕಷ್ಟ.

ಆ ನೀಲಿ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಹಿಮ ವರ್ಷಗಟ್ಟಲೆ ಒಂದರ ಮೇಲೊಂದು ಬಿದ್ದು ಅಮುಕಿದಾಗ ಒಳಗಿನ ಗಾಳಿಯ ಗುಳ್ಳೆಗಳು ಕುಗ್ಗಿ ಕಡಿಮೆಯಾಗುತ್ತವೆ. ಗುಳ್ಳೆ ಜಾಸ್ತಿ ಇದ್ದರೆ ಬೆಳಕು ಎಲ್ಲ ಕಡೆ ಚದುರಿ ಬೆಳ್ಳಗೆ ಕಾಣುತ್ತದೆ. ಗುಳ್ಳೆ ಇಲ್ಲದಿದ್ದರೆ ಬೆಳಕು ಆಳಕ್ಕೆ ಹೋಗುತ್ತದೆ, ಐಸ್ ಅದರ ಕೆಂಪು ಭಾಗವನ್ನು ನುಂಗಿ ನೀಲಿಯನ್ನು ವಾಪಸು ಬಿಡುತ್ತದೆ.

ನೀಲಿ ಹುಡುಕಿಕೊಂಡು ಬಂದವರಿಗೆ ಸೋಲ್‌ಹೈಮಯೋಕುಲ್ ಮೊದಲು ತೋರಿಸುವುದು ಕಪ್ಪು. ಬೇಜಾರಾಗಬೇಡಿ. ಅದು ಜ್ವಾಲಾಮುಖಿಯ ಬೂದಿ. ಕೆಲವು ಕಡೆ ಆಳೆತ್ತರದ ಕಪ್ಪು ಗುಪ್ಪೆಗಳು ಕಾಣುತ್ತವೆ, ಹುತ್ತದ ಹಾಗೆ. ಮಣ್ಣಿನ ರಾಶಿ ಅಂದುಕೊಂಡು ಕೊಡಲಿ ತುದಿಯಿಂದ ಕೆರೆದರೆ ಒಳಗೆ ಪೂರ್ತಿ ಐಸ್. ಹಿಂದೆಲ್ಲ ಐಸ್ ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ ಇಡುತ್ತಿದ್ದರಲ್ಲ, ಅದೇ ಲೆಕ್ಕ. ಬೂದಿ ದಪ್ಪ ಇದ್ದ ಕಡೆ ಬಿಸಿಲು ತಾಗದೆ ಐಸ್ ಉಳಿಯುತ್ತದೆ, ಸುತ್ತಲಿನದು ಕರಗಿ ಇಳಿದುಹೋಗುತ್ತದೆ. ವಿಚಿತ್ರ ಏನೆಂದರೆ ಬೂದಿ ತೆಳ್ಳಗಿದ್ದರೆ ಉಲ್ಟಾ. ಕಪ್ಪು ಧೂಳು ಬಿಸಿಲನ್ನು ಹೀರಿ ಐಸ್ ಅನ್ನು ಬೇಗ ಕರಗಿಸುತ್ತದೆ, ಕೆಳಕ್ಕೆ ಇಳಿದು ಸಣ್ಣ ಸಣ್ಣ ಕೊಳವೆ ತೂತು ಮಾಡುತ್ತದೆ. ದೊಡ್ಡ ತೂತುಗಳೂ ಇವೆ, ಕರಗಿದ ನೀರು ಸುತ್ತಿ ಸುತ್ತಿ ಕೊರೆದ ಬಾವಿಗಳು. ಅವಕ್ಕೆ ಮೂಲಿನ್ ಅನ್ನುತ್ತಾರೆ, ಫ್ರೆಂಚ್‌ನಲ್ಲಿ ಗಿರಣಿ ಅಂತ ಅರ್ಥ. ಅಂಚಿಗೆ ಹೋಗಿ ಇಣುಕಬೇಕು ಅನಿಸುತ್ತದೆ. ನನ್ನನ್ನು ಕೇಳದೆ ಇಣುಕಬೇಡಿ.

ಕೆಲವು ಹಿಮನದಿಗಳ ಮೇಲೆ ಪಾಚಿಯ ಉಂಡೆಗಳು ಸಿಗುತ್ತವೆ, ಅಂಗೈಯಲ್ಲಿ ಹಿಡಿಯುವಷ್ಟು, ಸುತ್ತಲೂ ಹಸಿರು. 1950ರ ಸುಮಾರಿನಲ್ಲಿ ಯೋನ್ ಎಯ್ತೋರ್ಸನ್ ಎಂಬ ಇಲ್ಲಿನ ಹವಾಮಾನ ತಜ್ಞರು ಇವಕ್ಕೆ ಹಿಮನದಿ ಇಲಿಗಳು ಅಂತ ಹೆಸರಿಟ್ಟರು. ಒಳಗೆ ಪುಟ್ಟ ಹುಳಗಳು ಸಂಸಾರ ಮಾಡಿಕೊಂಡಿರುತ್ತವೆ. ನೋಡಿ, ಒದೆಯಬೇಡಿ.

ಹಗ್ಗದ ವಿಷಯಕ್ಕೆ ಬರೋಣ, ಯಾಕೆಂದರೆ ಇದೊಂದು ವಿಷಯಕ್ಕೆ ನನ್ನ ಮೇಲೆ ಸಿಟ್ಟಾದವರಿದ್ದಾರೆ. ಒಬ್ಬ ಹಿರಿಯರು "ಎಲ್ಲರನ್ನೂ ಹಗ್ಗದಲ್ಲಿ ಕಟ್ಟದೆ ಕರೆದುಕೊಂಡು ಹೋಗ್ತೀಯಲ್ಲ, ಜವಾಬ್ದಾರಿ ಇಲ್ವಾ" ಅಂದರು. ಬೇಸಿಗೆಯಲ್ಲಿ ಇಲ್ಲಿ ಮೇಲೆ ಹೊಸ ಹಿಮ ಇರುವುದಿಲ್ಲ, ಬರೀ ಐಸ್. ನಮ್ಮ ಭಾಷೆಯಲ್ಲಿ ಡ್ರೈ ಗ್ಲೇಸಿಯರ್. ಬಿರುಕುಗಳೆಲ್ಲ ಕಣ್ಣಿಗೆ ಕಾಣುತ್ತವೆ, ಸುತ್ತು ಹಾಕಿ ಹೋಗಬಹುದು. ಇಂಥ ಗಟ್ಟಿ ನೆಲದಲ್ಲಿ ಹಗ್ಗ ಕಟ್ಟಿದರೆ ಒಬ್ಬರು ಜಾರಿದಾಗ ಹಿಂದಿನವರು ತಡೆಯುವ ಬದಲು ತಾವೂ ಜಾರುತ್ತಾರೆ. ಮೇಲೆ ಹಿಮ ಮುಚ್ಚಿದ್ದರೆ ಕಥೆ ಬೇರೆ. ಆಗ ಬಿರುಕಿನ ಬಾಯಿಗೆ ಹಿಮದ ಸೇತುವೆ ಕಟ್ಟಿರುತ್ತದೆ, ಕಣ್ಣಿಗೆ ಬಯಲು, ಕೆಳಗೆ ಪಾತಾಳ. ಅಲ್ಲಿ ಹಗ್ಗ ಇಲ್ಲದೆ ನಾನೂ ಒಂದು ಹೆಜ್ಜೆ ಇಡುವುದಿಲ್ಲ. ವಾಟ್ನಾಯೋಕುಲ್ ಎಂಬ ಇನ್ನೊಂದು ದೊಡ್ಡ ಹಿಮದ ಟೋಪಿಯ ಎತ್ತರದಲ್ಲಿ ದೇಶದ ಅತಿ ಎತ್ತರದ ಶಿಖರಕ್ಕೆ, ಸುಮಾರು 2,110 ಮೀಟರ್, ಹೋಗುವವರೆಲ್ಲ ಹಗ್ಗದಲ್ಲೇ ಹೋಗುತ್ತಾರೆ. ಹಿರಿಯರಿಗೆ ಇಷ್ಟೂ ಹೇಳಿದೆ. ಒಪ್ಪಿದರೋ ಇಲ್ಲವೋ, ವಾಪಸು ಬರುವಾಗ ಚಾಕೊಲೇಟ್ ಕೊಟ್ಟರು.

ಡ್ರೈ ಗ್ಲೇಸಿಯರ್‌ನಲ್ಲೂ ಅಪಾಯ ಇದೆ, ಅದು ನಿಮ್ಮ ಬೆನ್ನ ಹಿಂದೆ. ಸಾಲಿನಲ್ಲಿ ನಡೆಯುವಾಗ ಯಾರೂ ಬಿರುಕಿಗೆ ಬೀಳುವುದಿಲ್ಲ. ಫೋಟೋಗೆ ನಿಂತು, "ಇನ್ನೊಂಚೂರು ಹಿಂದೆ ಹೋಗು, ಹಾಂ ಇನ್ನೊಂಚೂರು" ಅನ್ನುವಾಗ ನನ್ನ ಎದೆ ಡವಡವ ಅನ್ನುತ್ತದೆ. ಫೋಟೋ ಎಲ್ಲಿ ತೆಗೆಯಬೇಕು ಅಂತ ನಾನೇ ಜಾಗ ತೋರಿಸುತ್ತೇನೆ. ಸುಮ್ನೆ ಕೇಳಿ.

ಇನ್ನೊಂದು, ನಿಮ್ಮ ಕಾಲ ಕೆಳಗಿನ ಐಸ್ ಎಲ್ಲಿಂದ ಬರುತ್ತದೋ ಅದರ ಅಡಿಯಲ್ಲಿ ಕಾಟ್ಲಾ ಅನ್ನುವ ಜ್ವಾಲಾಮುಖಿ ಮಲಗಿದೆ. ಕೊನೆಯ ದೊಡ್ಡ ಸ್ಫೋಟ 1918ರಲ್ಲಿ. ಅದು ಸ್ವಲ್ಪ ಮಗ್ಗುಲು ಬದಲಿಸಿದರೂ ಐಸ್ ಕರಗಿ ದಿಢೀರ್ ಪ್ರವಾಹ ಬರಬಹುದು, 1999ರ ಜುಲೈನಲ್ಲಿ ಇದೇ ಸೋಲ್‌ಹೈಮಯೋಕುಲ್ ಕೆಳಗಿಂದ ಹಾಗೆ ನೀರು ನುಗ್ಗಿತ್ತು. ಇಲ್ಲಿನ ಹೊಳೆಗೆ ಹಳೆಯ ಹೆಸರೇ ನಾತದ ಹೊಳೆ ಅಂತ. ಗಂಧಕದ, ಕೊಳೆತ ಮೊಟ್ಟೆಯ ವಾಸನೆ. ಬೆಳಿಗ್ಗೆ ಹೊಳೆ ಪಕ್ಕ ನಿಂತು ನಾನು ಮೂಗೆಳೆಯುವುದನ್ನು ನೋಡಿ ನೆಗಡಿ ಅಂದುಕೊಳ್ಳುತ್ತಾರೆ. ವಾಸನೆ ಮಾಮೂಲಿಗಿಂತ ಜಾಸ್ತಿ ಇದೆಯಾ, ನೀರು ಏರಿದೆಯಾ ಅಂತ ನೋಡುತ್ತೇನೆ, ಜೊತೆಗೆ ಹವಾಮಾನ ಇಲಾಖೆಯ ಸೂಚನೆಯನ್ನೂ ಓದುತ್ತೇನೆ. ಇವತ್ತು ಬೇಡ ಅನಿಸಿದರೆ ಬೇಡ.

ಈ ಬೇಡ ಅನ್ನುವ ಮಾತನ್ನು ನಮ್ಮವರು ತಗೊಳ್ಳುವುದು ಕಷ್ಟ. ಅರ್ಥ ಆಗುತ್ತದೆ, ರಜೆ ಸಿಕ್ಕಿರುವುದು ಒಂದೇ ವಾರ, ವೀಸಾ, ಟಿಕೆಟ್ಟು, ಎಲ್ಲ ಸೇರಿ ಲಕ್ಷಗಟ್ಟಲೆ ಆಗಿದೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡ ಮೇಲೆ ಬಂದ ಗುಂಪುಗಳಲ್ಲಿ ಹವಾಮಾನದ ಬಗ್ಗೆ ಕೇಳುವವರು ಜಾಸ್ತಿಯಾದರು. ಅದೇ ವರ್ಷ ಆಗಸ್ಟ್‌ನಲ್ಲಿ ಇಲ್ಲಿ ಬ್ರೇಡಾಮೆರ್ಕುರ್‌ಯೋಕುಲ್‌ನಲ್ಲಿ ಐಸ್ ಗುಹೆ ನೋಡಲು ಹೋದ ಗುಂಪಿನ ಮೇಲೆ ಐಸ್ ಗೋಡೆ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡರು. ಐಸ್ ಗುಹೆ ಚಳಿಗಾಲದ ವಿಷಯ. ಬೇಸಿಗೆಯಲ್ಲಿ ಕರಗುತ್ತಿರುವ ಚಾವಣಿಯ ಕೆಳಗೆ ಯಾರು ಕರೆದರೂ ಹೋಗಬೇಡಿ, ಎಷ್ಟೇ ನೀಲಿ ಇರಲಿ.

ಬುಕ್ ಮಾಡುವಾಗ ಕಿಲೋಮೀಟರ್ ನೋಡಬೇಡಿ, ಐಸ್ ಮೇಲೆ ಎಷ್ಟು ಹೊತ್ತು ಅಂತ ಕೇಳಿ. ಮೂರು ಗಂಟೆಯ ಟೂರ್ ಅಂದರೆ ಸಾಮಾನು ಕಟ್ಟಿ, ಬುಡದ ತನಕ ನಡೆದು, ಐಸ್ ಮೇಲೆ ಸಿಗುವುದು ಒಂದರಿಂದ ಒಂದೂವರೆ ಗಂಟೆ. ಮೊದಲ ಸಲಕ್ಕೆ ಅದೇ ಸಾಕು. ಮಂಡಿ ನೋವು ಇರುವವರೂ ಅದನ್ನೇ ತಗೊಳ್ಳಿ, ಮೊದಲೇ ಗೈಡ್‌ಗೆ ಹೇಳಿ, ನಾಚಿಕೆ ಬೇಡ. ಸಣ್ಣ ನಡಿಗೆಗೂ ಮಕ್ಕಳಿಗೆ ಸಾಮಾನ್ಯವಾಗಿ 8 ಅಥವಾ 10 ವರ್ಷ ಆಗಿರಬೇಕು, ಸುಳ್ಳು ವಯಸ್ಸು ಹೇಳಬೇಡಿ, ಆ ಪುಟ್ಟ ಪಾದಕ್ಕೆ ಲಾಳ ಕೂರುವುದಿಲ್ಲ. ಇನ್ಶೂರೆನ್ಸ್‌ನಲ್ಲಿ ಹಿಮನದಿ ನಡಿಗೆ ಸೇರಿದೆಯಾ ಅಂತ ಊರಲ್ಲೇ ಓದಿಕೊಂಡು ಬನ್ನಿ.

ಬುಡದ ತನಕ ನಡೆಯುವ ಆ ದೂರ ಮಾತ್ರ ಹೆಚ್ಚುತ್ತಲೇ ಇದೆ. ಇಲ್ಲಿಗೆ ಹತ್ತಿರದ ಹ್ವೋಲ್ಸ್‌ವೋಟ್ಲುರ್ ಊರಿನ ಶಾಲೆಯ ಮಕ್ಕಳು 2010ರಿಂದ ಪ್ರತಿ ಶರತ್ಕಾಲ ಬಂದು ಹಿಮನದಿ ಎಷ್ಟು ಹಿಂದೆ ಸರಿದಿದೆ ಅಂತ ಅಳೆಯುತ್ತಾರೆ. ಮೊದಲು ಅಳೆದ ಕಡೆ ಈಗ ಸರೋವರ. ಬೋಟು ಬೇಕು.

ವಾಪಸು ಬಂದು ಲಾಳ ಬಿಚ್ಚಿದ ಕೂಡಲೇ ಎಲ್ಲರಿಗೂ ಮುಗಿಯಿತು ಅನಿಸುತ್ತದೆ, ಮಾತು ಶುರುವಾಗುತ್ತದೆ, ಫೋನು ಹೊರಗೆ ಬರುತ್ತದೆ. ಅಲ್ಲೇ ತಾಳಿ. ಅಂಚಿನ ಆ ಜಲ್ಲಿ ರಾಶಿ ನೋಡಲು ನೆಲ, ಎರಡಿಂಚು ಕೆಳಗೆ ಇನ್ನೂ ಐಸ್ ಇರುತ್ತದೆ, ಈಗ ನಿಮ್ಮ ಕಾಲಲ್ಲಿ ಹಲ್ಲೂ ಇಲ್ಲ. ಪಾರ್ಕಿಂಗ್ ಕಾಣುವ ತನಕ ಅಜ್ಜಿಯ ಹೆಜ್ಜೆಯಲ್ಲೇ ಬನ್ನಿ.