ಸಿಮ್ ಜೇಬಿನಲ್ಲೇ ಇರುತ್ತದೆ, ನಂಬರ್ ಕೈತಪ್ಪಿರುತ್ತದೆ

ಫೋನ್ ಕಳೆದಿರುವುದಿಲ್ಲ, ಸಿಮ್ ಕಾರ್ಡ್ ಇದ್ದಲ್ಲಿಂದ ಕದಲಿರುವುದಿಲ್ಲ. ಆದರೂ ಸಿಗ್ನಲ್ ಕಡ್ಡಿಗಳು ಒಮ್ಮೆಲೇ ಮಾಯವಾಗಿ, ತುರ್ತು ಕರೆಗೆ ಮಾತ್ರ ಅವಕಾಶ ಎಂಬ ಸಾಲು ಮೂಡುತ್ತದೆ. ಅದೇ ಕಂಪನಿಯ ಸಿಮ್ ಇರುವ ಪಕ್ಕದವರ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ, ನಿಮ್ಮ ನಂಬರ್ ಬೇರೊಬ್ಬರ ಪಾಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ವೈಫೈ ಇದ್ದಲ್ಲಿ ಆ್ಯಪ್‌ಗಳೆಲ್ಲ ಎಂದಿನಂತೆ ಓಡುವುದರಿಂದ ಇದು ಗಂಟೆಗಟ್ಟಲೆ ಗಮನಕ್ಕೇ ಬಾರದಿರಬಹುದು.

ನಾವು ನಾಲ್ಕು ಜನರಿಗೆ ಕೊಡುವ ನಂಬರ್ ನಿಜಕ್ಕೂ ಸಿಮ್‌ನೊಳಗೆ ನೆಲೆಸಿರುವುದಿಲ್ಲ. ಅಲ್ಲಿ ಮುಖ್ಯವಾಗಿ ಇರುವುದು ಐಎಂಎಸ್‌ಐ ಎಂಬ, ಹೆಚ್ಚೆಂದರೆ 15 ಅಂಕಿಗಳ ಬೇರೊಂದು ಗುರುತುಸಂಖ್ಯೆ ಮತ್ತು ಸಾಮಾನ್ಯವಾಗಿ 128 ಬಿಟ್ ಉದ್ದದ ಒಂದು ಗುಪ್ತ ಕೀಲಿ. ನೆಟ್‌ವರ್ಕ್ ಹೊಸದೊಂದು ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತದೆ. ಸಿಮ್ ಅದನ್ನು ಕೀಲಿಯೊಂದಿಗೆ ಬೆರೆಸಿ ಲೆಕ್ಕ ಹಾಕಿ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ, ಕೀಲಿ ಹೊರಗೆ ಬರುವುದಿಲ್ಲ. ಈ ಬೀಗ ಮುರಿಯುವುದು ಬಹಳ ಕಷ್ಟವಾದ್ದರಿಂದ ವಂಚಕರು ಅದರ ತಂಟೆಗೇ ಹೋಗುವುದಿಲ್ಲ. ಯಾವ ನಂಬರಿಗೆ ಬಂದ ಕರೆ ಯಾವ ಐಎಂಎಸ್‌ಐಗೆ ಹೋಗಬೇಕು ಎಂಬುದು ಕಂಪನಿಯ ದತ್ತಸಂಚಯದಲ್ಲಿರುವ ಒಂದು ಸಾಲು. ಫೋನ್ ಕಳೆದುಕೊಂಡವರಿಗೆ ಅದೇ ನಂಬರಿನ ಹೊಸ ಸಿಮ್ ಕೊಡುವಾಗ ಸಿಬ್ಬಂದಿ ಆ ಸಾಲನ್ನು ತಿದ್ದುತ್ತಾರೆ. ಅದೇ ತಿದ್ದುಪಡಿಯನ್ನು ನಿಮ್ಮ ಹೆಸರು ಹೇಳಿ ಬೇರೊಬ್ಬರು ಮಾಡಿಸಿಕೊಂಡರೆ ಅದು ಸಿಮ್ ಸ್ವ್ಯಾಪ್. ಆಮೇಲೆ ನಿಮಗೆ ಬರಬೇಕಾದ ಕರೆ, ಎಸ್‌ಎಂಎಸ್, ಒಟಿಪಿಗಳೆಲ್ಲ ಅವರ ಫೋನಿಗೆ ಹೋಗುತ್ತವೆ. ಫೋನಿನೊಳಗೇ ಅಳವಡಿಸಿರುವ ಇ-ಸಿಮ್ ಆದರೆ ಕಾರ್ಡ್ ಪಡೆಯುವ ಓಡಾಟವೂ ಬೇಕಿಲ್ಲ.

ಸಿಬ್ಬಂದಿಯನ್ನು ನಂಬಿಸಲು ಸೋರಿಕೆಯಾದ ಜನ್ಮದಿನಾಂಕ, ವಿಳಾಸ ಸಾಕಾಗಬಹುದು. ಕೆಲವೊಮ್ಮೆ ಒಳಗಿನವರೇ ಲಂಚಕ್ಕೆ ಕೈಯೊಡ್ಡುತ್ತಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ 5 ಕಂಪನಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದಾಗ, ಐದರಲ್ಲೂ ಸುಲಭವಾಗಿ ದಾಟಬಹುದಾದ ಪ್ರಶ್ನೆಗಳಿದ್ದವು. ಅಂಥ ಒಂದು ಪ್ರಶ್ನೆ, ಇತ್ತೀಚೆಗೆ ನೀವು ಯಾವ ನಂಬರಿಗೆ ಕರೆ ಮಾಡಿದ್ದೀರಿ ಎಂಬುದು. ವಂಚಕ ಒಂದು ಮಿಸ್ಡ್ ಕಾಲ್ ಕೊಟ್ಟು, ಯಾರಿರಬಹುದೆಂದು ನೀವು ತಿರುಗಿ ಕರೆ ಮಾಡಿದರೆ, ಉತ್ತರವನ್ನು ನೀವೇ ಅವನ ಕೈಗಿಟ್ಟಂತಾಗುತ್ತದೆ.

2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಅಂದಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ಖಾತೆಯಿಂದಲೇ ಅಸಭ್ಯ ಟ್ವೀಟ್‌ಗಳು ಹೊರಬಿದ್ದವು. ಎಸ್‌ಎಂಎಸ್ ಕಳಿಸಿ ಟ್ವೀಟ್ ಮಾಡುವ ಸೌಲಭ್ಯವಿದ್ದುದರಿಂದ ಅವರ ನಂಬರ್ ವಶವಾದದ್ದೇ ಸಾಕಾಗಿತ್ತು. 2024ರ ಜನವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗದ ಎಕ್ಸ್ ಖಾತೆಗೂ ಇದೇ ಗತಿಯಾಯಿತು: ನಂಬರ್ ಸಿಕ್ಕವರು ಪಾಸ್‌ವರ್ಡ್ ಬದಲಿಸಿ, ಬಿಟ್‌ಕಾಯಿನ್ ನಿಧಿಗಳಿಗೆ ಅನುಮತಿ ಸಿಕ್ಕಿದೆಯೆಂಬ ಸುಳ್ಳು ಪ್ರಕಟಣೆ ಹೊರಡಿಸಿದರು.

ರಕ್ಷಣೆಯ ಮಾತು ಬಂದಾಗ ಹಲವರು ಸಿಮ್ ಪಿನ್ ಹಾಕಿ ನಿಶ್ಚಿಂತರಾಗುತ್ತಾರೆ. ಕದ್ದ ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿದಾಗ ಅದು ತಡೆಯುತ್ತದೆಯೇ ಹೊರತು, ವಂಚಕರ ಹೊಸ ಸಿಮ್‌ಗೆ ನಿಮ್ಮ ಹಳೆಯ ಪಿನ್‌ನ ಹಂಗಿಲ್ಲ. ಬೇಕಾದದ್ದು ಕಂಪನಿಯಲ್ಲಿರುವ ನಿಮ್ಮ ಖಾತೆಗೇ ಹಾಕುವ ಪ್ರತ್ಯೇಕ ಪಿನ್, ಜೊತೆಗೆ ನಂಬರ್ ಬೇರೆ ಕಂಪನಿಗೆ ಪೋರ್ಟ್ ಆಗದಂತೆ ತಡೆಯುವ ಲಾಕ್. ಇವು ಎಲ್ಲ ಕಂಪನಿಗಳಲ್ಲೂ ಇರುವುದಿಲ್ಲ, ಕೇಳಿ ನೋಡಬೇಕು.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ನಂಬರಿನ ಮೇಲೆ ಹೇರಿರುವ ಹೊರೆಯನ್ನು ಇಳಿಸುವುದು. ಅಥೆಂಟಿಕೇಟರ್ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತೋರಿಸುವ ಹೊಸ ಲಾಗಿನ್ ಸಂಖ್ಯೆ ಫೋನಿನೊಳಗಿನ ರಹಸ್ಯ ಮತ್ತು ಗಡಿಯಾರದಿಂದ ಹುಟ್ಟುತ್ತದೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಮಾಡಿಸುವ ಪಾಸ್‌ಕೀ ಇನ್ನೂ ಗಟ್ಟಿ. ಇವೆರಡಕ್ಕೂ ಮೊಬೈಲ್ ನೆಟ್‌ವರ್ಕ್‌ನ ಒಟಿಪಿ ಬೇಕಿಲ್ಲ. ಆದರೆ ಇವನ್ನು ಅಳವಡಿಸಿದ ಮೇಲೆ ನಿಮ್ಮ ಇಮೇಲ್‌ನ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಮರೆತಿದೆ ಎಂಬುದನ್ನು ನೀವೇ ಒತ್ತಿ ನೋಡಿ: ಫೋನಿಗೆ ಕೋಡ್ ಕಳಿಸಲೇ ಎಂದು ಅದು ಈಗಲೂ ಕೇಳುತ್ತಿದ್ದರೆ, ಮುಂಬಾಗಿಲಿಗೆ ಉಕ್ಕಿನ ಕದ ಹಾಕಿ ಹಿತ್ತಿಲ ಬಾಗಿಲನ್ನು ಹಾರುಹೊಡೆದಂತೆಯೇ. ಮರುಪಡೆಯುವ ದಾರಿಯಾಗಿ ಕೊಟ್ಟ ನಂಬರನ್ನು ತೆಗೆದು, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡುವುದು ಮೇಲು. ಒಟಿಪಿಯನ್ನೇ ಪಟ್ಟುಹಿಡಿಯುವ ಬ್ಯಾಂಕುಗಳ ಮುಂದೆ ಮಾತ್ರ ನಮ್ಮ ಆಟ ನಡೆಯದು.

ಸಿಗ್ನಲ್ ಹೋದದ್ದು ಅನುಮಾನ ತಂದರೆ ಇನ್ನೊಬ್ಬರ ಫೋನಿನಿಂದ ಕಂಪನಿಗೆ ಕರೆ ಮಾಡಿ, ನೆಟ್‌ವರ್ಕ್ ಇಲ್ಲ ಎಂದು ದೂರದೆ, ನನ್ನ ನಂಬರಿಗೆ ಇಂದು ಹೊಸ ಸಿಮ್ ಕೊಟ್ಟಿದ್ದೀರಾ ಎಂದು ನೇರವಾಗಿ ಕೇಳಬೇಕು. ಇಲ್ಲವಾದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉಪದೇಶದಲ್ಲೇ ಬ್ಯಾಂಕ್ ಖಾತೆಯನ್ನು ತಡೆಹಿಡಿಸಬಹುದಾಗಿದ್ದ ಹೊತ್ತು ಕಳೆದುಹೋಗುತ್ತದೆ.