ಮುಸೊಲಿನಿಯ ಮೂಗಿಗೆ ಪಟ್ಟಿ ಕಟ್ಟಿಸಿದ ಹೆಂಗಸು

ವಯೊಲೆಟ್ ಗಿಬ್ಸನ್, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಮೇಲೆ ಗುಂಡು ಹಾರಿಸಿದ ಐರಿಷ್ ಹೆಂಗಸು. ಐರ್ಲೆಂಡಿನ ಡಬ್ಲಿನ್‌ನ ಮೆರಿಯನ್ ಸ್ಕ್ವೇರ್‌ನಲ್ಲಿರುವ ಆಕೆಯ ಬಾಲ್ಯದ ಮನೆಗೆ 2022ರಲ್ಲಿ ಸ್ಮಾರಕ ಫಲಕ ಬಂತು. ಆಕೆ ತೀರಿಕೊಂಡು ಆಗಲೇ 66 ವರ್ಷ. ವೀರೆಯೋ ಹುಚ್ಚಿಯೋ ಎಂಬ ಪ್ರಶ್ನೆ ಮಾತ್ರ ಫಲಕ ಹಾಕಿದ ಮೇಲೂ ಬಗೆಹರಿದಿಲ್ಲ.

ಹುಟ್ಟಿದ್ದು 1876ರಲ್ಲಿ. ತಂದೆ ಆ್ಯಶ್‌ಬೋರ್ನ್ ಪ್ರಭು, ಐರ್ಲೆಂಡಿನ ಲಾರ್ಡ್ ಚಾನ್ಸಲರ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಧಿಕಾರಿ. ವಿಕ್ಟೋರಿಯಾ ರಾಣಿಯ ಆಸ್ಥಾನಕ್ಕೆ ಹೋಗಿಬಂದ ಹುಡುಗಿ 1902ರಲ್ಲಿ ಕ್ಯಾಥೊಲಿಕ್ ಆದಳು. ಮುಂದೆ ಮದುವೆಯಾಗಬೇಕಿದ್ದವನ ಸಾವು, ಮೇಲಿಂದ ಮೇಲೆ ಕಾಯಿಲೆ. 1925ರಲ್ಲಿ ರೋಮ್‌ನಲ್ಲಿ ತನ್ನ ಎದೆಗೇ ಗುಂಡು ಹೊಡೆದುಕೊಂಡು ಬದುಕುಳಿದಳು. ಹುಚ್ಚಿ ಎನ್ನುವವರು ಇಷ್ಟಕ್ಕೇ ಕತೆ ಮುಗಿಸುತ್ತಾರೆ. ಆದರೆ ಅದಕ್ಕೆ ಹಿಂದಿನ ವರ್ಷ ಇಟಲಿಯಲ್ಲಿ ಮುಸೊಲಿನಿಯನ್ನು ವಿರೋಧಿಸಿದ್ದ ಸಂಸದ ಮತ್ತೆಯೊಟ್ಟಿಯನ್ನು ಫ್ಯಾಸಿಸ್ಟರು ಕೊಂದಿದ್ದರು. ಆ ನೆತ್ತರು ಇನ್ನೂ ಒಣಗಿರಲಿಲ್ಲ.

1926ರ ಏಪ್ರಿಲ್ 7. ಶಸ್ತ್ರವೈದ್ಯರ ಅಂತಾರಾಷ್ಟ್ರೀಯ ಸಮಾವೇಶದಲ್ಲಿ ಭಾಷಣ ಮಾಡಿ ಮುಸೊಲಿನಿ ರೋಮ್‌ನ ಕ್ಯಾಂಪಿಡೋಲಿಯೊ ಚೌಕಕ್ಕೆ ಬಂದ. ಜನರ ನಡುವೆ 49ರ ಬಡಕಲು ಹೆಂಗಸೊಬ್ಬಳು ನಿಂತಿದ್ದಳು. ಕಪ್ಪು ಶಾಲಿನ ಮರೆಯಲ್ಲಿ ರಿವಾಲ್ವರ್, ಕಾರಿನ ಗಾಜು ಒಡೆಯಬೇಕಾಗಿ ಬಂದರೆ ಇರಲಿ ಅಂತ ಒಂದು ಕಲ್ಲು. ಇಷ್ಟು ಮುಂದಾಲೋಚನೆ ಬುದ್ಧಿಭ್ರಮಣೆಯಲ್ಲಿ ಬರುತ್ತದೆಯೇ? ಬರಬಹುದೇನೋ. ಅಷ್ಟರಲ್ಲಿ ವಿದ್ಯಾರ್ಥಿಗಳು ಹಾಡಿದ್ದು ಕೇಳಿ ಆತ ತಲೆ ತಿರುಗಿಸಿದ. ಗುಂಡು ಮೂಗು ಸವರಿಕೊಂಡು ಹೋಯಿತು. ಎರಡನೆಯದು ಹಾರಲೇ ಇಲ್ಲ. ಜನ ಆಕೆಯನ್ನು ಅಲ್ಲೇ ಬಡಿದು ಕೊಲ್ಲುತ್ತಿದ್ದರು, ಪೊಲೀಸರು ಬಿಡಿಸಿಕೊಂಡರು. ಮಾರನೇ ದಿನ ಮೂಗಿಗೆ ಪಟ್ಟಿ ಹಚ್ಚಿಕೊಂಡೇ ಮುಸೊಲಿನಿ ಲಿಬಿಯಾಕ್ಕೆ ಹೊರಟ.

ಐರ್ಲೆಂಡಿನ ಹೊಸ ಸರ್ಕಾರ, ಪ್ರಾಣಾಪಾಯದಿಂದ ಪಾರಾದದ್ದಕ್ಕೆ ಅವನಿಗೇ ಅಭಿನಂದನೆ ಕಳಿಸಿತು.

ಹಿಂದೆ ಯಾರಿದ್ದಾರೆ ಎಂದು ಪೊಲೀಸರು ತಿಂಗಳುಗಟ್ಟಲೆ ಕೆದಕಿದರು. ದೇವರಿಗಾಗಿ ಮಾಡಿದೆ ಎಂದಳು. ವಿಚಾರಣೆ ನಡೆದರೆ ಆಕೆ ಕೋರ್ಟಿನಲ್ಲಿ ಬಾಯಿ ಬಿಡುತ್ತಾಳೆ. ಅದು ಯಾರಿಗೂ ಬೇಕಿರಲಿಲ್ಲ. ಬ್ರಿಟನ್ನಿಗೆ ರೋಮ್ ಜತೆ ಸ್ನೇಹ ಕೆಡಬಾರದಿತ್ತು, ಮನೆತನಕ್ಕೆ ಮರ್ಯಾದೆ ಹೋಗಬಾರದಿತ್ತು, ಮುಸೊಲಿನಿಗೆ ಔದಾರ್ಯ ತೋರಿಸಿಕೊಳ್ಳಬೇಕಿತ್ತು. ವೈದ್ಯರ ವರದಿ ಬಂತು: ಮತಿವಿಕಲ್ಪ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. 1927ರಲ್ಲಿ ಆಕೆಯನ್ನು ಇಂಗ್ಲೆಂಡಿಗೆ ಸಾಗಿಸಿ ನಾರ್ಥಾಂಪ್ಟನ್‌ನ ಸೇಂಟ್ ಆ್ಯಂಡ್ರೂಸ್ ಮಾನಸಿಕ ಆಸ್ಪತ್ರೆಗೆ ಸೇರಿಸಿದರು.

ಅದೇ ವರ್ಷ ಜನವರಿಯಲ್ಲಿ ರೋಮ್‌ಗೆ ಹೋಗಿದ್ದ ಚರ್ಚಿಲ್, ಮುಸೊಲಿನಿಯನ್ನು ಬಾಯಿ ತುಂಬ ಹೊಗಳಿ ಬಂದಿದ್ದರು. 1940ರಲ್ಲಿ ಇಟಲಿ ಬ್ರಿಟನ್ನಿನ ಶತ್ರುವಾಯಿತು. ವೈರಿಯ ಮೇಲೆ ಎಲ್ಲರಿಗಿಂತ ಮೊದಲೇ ಗುಂಡು ಹಾರಿಸಿದವಳ ಕೋಣೆಯ ಬಾಗಿಲು ಆಗಲೂ ತೆರೆಯಲಿಲ್ಲ. ಬಿಡುಗಡೆ ಕೋರಿ ಆಕೆ ಚರ್ಚಿಲ್‌ಗೂ ರಾಜಕುಮಾರಿ ಎಲಿಜಬೆತ್‌ಗೂ ಕಾಗದ ಬರೆದಳು. ಅವು ಅಂಚೆಗೆ ಬೀಳಲೇ ಇಲ್ಲ.

1956ರ ಮೇ 2ರಂದು ಅಲ್ಲೇ ತೀರಿಕೊಂಡಳು. ಮಣ್ಣಿಗೆ ಮನೆಯವರು ಯಾರೂ ಬರಲಿಲ್ಲ.