ಕಾಂಕ್ರೀಟಿಗೆ ಮದ್ದುಂಟು, ಮೆಟ್ಟಿಲಿಗಿಲ್ಲ

ನನ್ನ ಅಣ್ಣನ ಮಗ ಮತ್ತು ಅವನ ಗೆಳೆಯರು ಸೇರಿ ಆರು ಹುಡುಗರು. ಆರೂ ಜನ ಬೆಳಗಾವಿಯ ಟಿಳಕವಾಡಿಯವರು, ಆರೂ ಜನ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿಗಳು. ಪಾಸ್‌ಪೋರ್ಟ್ ಇರುವವನು ಮಾತ್ರ ಒಬ್ಬನೇ. ನಮ್ಮ ಮನೆಯ ಟಿವಿ ದೊಡ್ಡದು ಎಂಬ ಕಾರಣಕ್ಕೆ ಪಂದ್ಯದ ರಾತ್ರಿ ಎಲ್ಲರೂ ನಮ್ಮಲ್ಲೇ ಬೀಡುಬಿಡುತ್ತಾರೆ. ಈಚೆಗೆ ಅವರ ಜಗಳ ಆಟದ ಬಗ್ಗೆ ಕಡಿಮೆ, ಆಟ ನಡೆಯುವ ಜಾಗದ ಬಗ್ಗೆ ಹೆಚ್ಚು. ತಂಡದ ತವರು ಮೈದಾನವಾದ ಓಲ್ಡ್ ಟ್ರಾಫರ್ಡ್ ಬಿಟ್ಟು ಅದರ ಪಕ್ಕದಲ್ಲೇ ಒಂದು ಲಕ್ಷ ಆಸನಗಳ ಹೊಸ ಕ್ರೀಡಾಂಗಣ ಕಟ್ಟುವುದಾಗಿ ಕ್ಲಬ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದಾಗಿನಿಂದ ಹುಡುಗರಲ್ಲಿ ಮೂರು ಪಕ್ಷಗಳಾಗಿವೆ. ಇಬ್ಬರು ‘ಕೆಡವಲಿ’ ಎನ್ನುತ್ತಾರೆ, ಮೂವರು ‘ರಿಪೇರಿ ಮಾಡಲಿ’ ಎನ್ನುತ್ತಾರೆ. ಉಳಿದ ಒಬ್ಬನಿಗೆ ಟಿಕೆಟ್ ದರದ ಚಿಂತೆ. ಅವನೇ ಪಾಸ್‌ಪೋರ್ಟ್ ಇರುವವನು.

“ಕಾಕಾ, ಇಷ್ಟು ವರ್ಷ ಕಟ್ಟಡಗಳ ಹೊಟ್ಟೆ ಬಗೆದು ನೋಡಿದವರು ನೀವು. ಕೆಡವಬೇಕೋ ಉಳಿಸಬೇಕೋ, ಒಂದೇ ಮಾತಿನಲ್ಲಿ ಹೇಳಿಬಿಡಿ” ಎಂದ ಅಣ್ಣನ ಮಗ. ಒಂದೇ ಮಾತಿನಲ್ಲಿ ಹೇಳುವ ಎಂಜಿನಿಯರನನ್ನು ನಂಬಬೇಡ ಎಂದು ಅವನಿಗೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಕಟ್ಟಡ ಎಂದ ಕೂಡಲೇ ಜನ ವಯಸ್ಸು ಕೇಳುತ್ತಾರೆ. ನನ್ನ ಕಸುಬಿನಲ್ಲಿ ಅದು ಕೊನೆಗೆ ಕೇಳುವ ಪ್ರಶ್ನೆ. ಓಲ್ಡ್ ಟ್ರಾಫರ್ಡ್ ತೆರೆದದ್ದು 1910ರಲ್ಲಿ, ವಿನ್ಯಾಸ ಆರ್ಚಿಬಾಲ್ಡ್ ಲೀಚ್ ಅವರದ್ದು. 1941ರ ಮಾರ್ಚ್‌ನಲ್ಲಿ ಜರ್ಮನ್ ಬಾಂಬು ಬಿದ್ದು ಅದು ಹಾಳಾಯಿತು. 1949ರವರೆಗೆ ತಂಡ ತನ್ನ ಬದ್ಧ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ ಆಡಬೇಕಾಯಿತು. ಆಮೇಲೆ ಒಂದೊಂದು ಕಾಲದಲ್ಲಿ ಒಂದೊಂದು ಬದಿ ಎದ್ದಿತು. 2006ರಲ್ಲಿ ಎರಡು ಮೂಲೆಗಳು ತುಂಬಿಕೊಂಡವು. ನಮ್ಮ ಕಡೆಯ ಅಜ್ಜಿಯರು ಹೊಲಿಯುವ ಕೌದಿಯಂತೆ, ಒಂದು ತುಂಡು ಅಜ್ಜನ ಧೋತರದ್ದು, ಇನ್ನೊಂದು ಮೊಮ್ಮಗಳ ಲಂಗದ್ದು. 1910ರದ್ದು ಎಂದು ಉಳಿದಿರುವುದು ಆಟಗಾರರು ಹೊರಬರುತ್ತಿದ್ದ ಹಳೆಯ ಸುರಂಗ ದಾರಿ ಮಾತ್ರ. ಹಾಗಿರುವಾಗ ನೂರು ವರ್ಷದ ಕ್ರೀಡಾಂಗಣ ಎಂದು ಅಳುವುದಕ್ಕೂ ಅರ್ಥವಿಲ್ಲ, ಬೈಯುವುದಕ್ಕೂ ಅರ್ಥವಿಲ್ಲ.

ಕೇಳಬೇಕಾದದ್ದು ರೋಗ ಯಾವುದು ಎಂದು. ಗ್ಯಾಲರಿಗಳಿಗೆ ಬರುವ ರೋಗ ಎರಡು ಬಗೆಯವು, ಒಂದು ಮೈಯದ್ದು, ಇನ್ನೊಂದು ಮೂಳೆಯ ಜೋಡಣೆಯದ್ದು. ಮೈಯ ರೋಗ ಎಲ್ಲರ ಕಣ್ಣಿಗೂ ಬೀಳುತ್ತದೆ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ವಿರುದ್ಧದ ಪಂದ್ಯ ಮುಗಿಯುತ್ತಿದ್ದಂತೆ ಓಲ್ಡ್ ಟ್ರಾಫರ್ಡಿನ ಚಾವಣಿಯಿಂದ ಗೋಕಾಕ ಜಲಪಾತದಂತೆ ನೀರು ಸುರಿದದ್ದನ್ನು ಜಗತ್ತೆಲ್ಲ ನೋಡಿ ನಕ್ಕಿತು. ಕೆಡವಬೇಕೆನ್ನುವ ಪಕ್ಷಕ್ಕೆ ಅಂದಿನಿಂದ ಅದೇ ಸಾಕ್ಷಿ. ನಾನಾದರೆ ಆ ವಿಡಿಯೊ ನೋಡಿ ಕೆಡವಲು ಹೇಳುತ್ತಿರಲಿಲ್ಲ. ಚಾವಣಿ ಸೋರಿದರೆ ಚಾವಣಿ ಬದಲಿಸಬೇಕು. ಮಳೆಗಾಲದಲ್ಲಿ ಪತ್ರಾಸ್ ಸೋರುತ್ತದೆ ಎಂದು ಬೆಳಗಾವಿಯಲ್ಲಿ ಯಾರೂ ಮನೆ ಕೆಡವುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಮೈದಾನದ ಗ್ಯಾಲರಿಯನ್ನು ಪರೀಕ್ಷಿಸಲು ನನ್ನನ್ನು ಕರೆದಿದ್ದರು. ಹೆಸರು ಬೇಡ. ಸುಮಾರು ಎರಡು ಸಾವಿರ ಜನ ಕೂರುವ ಕಾಂಕ್ರೀಟ್ ಮೆಟ್ಟಿಲುಗಳು, ಕೆಳಗೆ ಸಾಮಾನು ತುಂಬಿಡುವ ಕೋಣೆಗಳು. ಅಕ್ಟೋಬರ್ ಮೊದಲ ವಾರ, ಮಳೆ ನಿಂತು ಗೋಡೆ ಇನ್ನೂ ಒಣಗಿರಲಿಲ್ಲ. ನಾನು ಮೊದಲು ಹೊರತೆಗೆಯುವುದು ಒಂದು ಸಣ್ಣ ಸುತ್ತಿಗೆ. ಖಾನಾಪುರದ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ಕೇಳುತ್ತಾರಲ್ಲ, ಹಾಗೆಯೇ ಬಡಿಯುತ್ತ ಹೋಗಬೇಕು. ಗಟ್ಟಿ ಇದ್ದಲ್ಲಿ ‘ಠಣ್’ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ‘ದೊಬ್’ ಎನ್ನುತ್ತದೆ. ದೊಬ್ ಎಂದ ಕಡೆ ಸೀಮೆಸುಣ್ಣದಿಂದ ಸುತ್ತು ಎಳೆದೆ. ಅರ್ಧ ಗಂಟೆಯಲ್ಲಿ ಅಡಿಭಾಗದ ತುಂಬ ಬಿಳಿ ವೃತ್ತಗಳು. ಎಲ್ಲವೂ ಎರಡು ಸ್ಲ್ಯಾಬ್‌ಗಳು ಕೂಡುವ ಸಂದಿನ ಕೆಳಗೇ ಇದ್ದವು. ಮೇಲೆ ನಿಂತ ನೀರು ಸಂದಿನಿಂದ ಇಳಿದು ಕಬ್ಬಿಣದ ಸರಳಿಗೆ ಮುಟ್ಟಿತ್ತು.

ಒಂದು ವೃತ್ತದಲ್ಲಿ ಗಿಲಾವು ತೆಗೆಸಿ, ಕಾಂಕ್ರೀಟ್ ಸ್ವಲ್ಪ ಒಡೆಸಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದೆ. ಶಾಲೆಯ ಪ್ರಯೋಗಾಲಯದಲ್ಲಿ ನೋಡಿದ್ದೀರಿ, ಕ್ಷಾರ ಇದ್ದಲ್ಲಿ ಅದು ಗುಲಾಬಿಯಾಗುತ್ತದೆ. ಆರೋಗ್ಯವಂತ ಕಾಂಕ್ರೀಟ್ ಗಾಢ ಗುಲಾಬಿಯಾಗಬೇಕು, ಏಕೆಂದರೆ ಆ ಕ್ಷಾರವೇ ಒಳಗಿನ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಆ ಕಾವಲನ್ನು ತಿಂದುಹಾಕುತ್ತದೆ. ನಾನು ನೋಡುತ್ತಿದ್ದ ಜಾಗದಲ್ಲಿ ಸರಳಿನವರೆಗೂ ಬಣ್ಣ ಬರಲೇ ಇಲ್ಲ, ಅದರ ಹಿಂದೆ ಮಾತ್ರ ಗುಲಾಬಿ ಹತ್ತಿತು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ದೂಡಿ ದೂಡಿ ಕಾಂಕ್ರೀಟನ್ನು ಚಕ್ಕೆಯಾಗಿ ಕಳಚುತ್ತದೆ.

ನೋಡಲು ಭಯಂಕರ. ಆದರೆ ಇದಕ್ಕೆ ಮದ್ದಿದೆ. ಸಡಿಲವಾದದ್ದನ್ನು ಕಿತ್ತು, ಸರಳು ಉಜ್ಜಿ, ತೆಳುವಾದಲ್ಲಿ ಹೊಸ ಸರಳು ಬೆಸೆದು, ರಿಪೇರಿ ಗಾರೆ ತುಂಬಿ, ಸಂದಿಗೆ ನೀರು ಇಳಿಯದಂತೆ ಮುಚ್ಚಬೇಕು. ಒಳ್ಳೆಯ ಗೌಂಡಿ, ಶುದ್ಧ ಉಸುಕು, ತಲೆಯ ಮೇಲೆ ನಿಂತು ನೋಡಿಕೊಳ್ಳುವವನು, ಈ ಮೂರೂ ಇದ್ದರೆ ಇನ್ನು ಇಪ್ಪತ್ತು ವರ್ಷ ನಿಶ್ಚಿಂತೆ. ಮೂರರಲ್ಲಿ ಕೊನೆಯದೇ ಸಿಗುವುದು ಕಷ್ಟ.

ಆ ಗ್ಯಾಲರಿಯಲ್ಲಿ ನನಗೆ ನಿದ್ದೆ ಕೆಡಿಸಿದ್ದು ತುಕ್ಕು ಅಲ್ಲ, ಮೆಟ್ಟಿಲು. ಎರಡು ಸಾವಿರ ಜನಕ್ಕೆ ಇಳಿಯಲು ಇದ್ದದ್ದು ಒಂದೇ ದಾರಿ, ಅಗಲ 1.2 ಮೀಟರ್. ಹಿಂದುಗಡೆ ಇನ್ನೊಂದು ಗೇಟು ಇತ್ತು, ಬೀಗ ಹಾಕಿತ್ತು; ಟಿಕೆಟ್ ಇಲ್ಲದವರು ನುಗ್ಗುತ್ತಾರಂತೆ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ‘ಗ್ರೀನ್ ಗೈಡ್’ ಎಂಬ ಕೈಪಿಡಿ ಇದೆ. ಅದರ ಲೆಕ್ಕದಲ್ಲಿ ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ನಿಮಿಷಕ್ಕೆ 66 ಜನ ಇಳಿಯಬಲ್ಲರು, ಸಮತಟ್ಟು ದಾರಿಯಲ್ಲಿ 82 ಜನ. ಗ್ಯಾಲರಿ ಖಾಲಿಯಾಗಲು ಎಂಟು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ನಮ್ಮ 1.2 ಮೀಟರಿಗೆ ನಿಮಿಷಕ್ಕೆ 79 ಜನ. ಎರಡು ಸಾವಿರ ಜನ ಇಳಿಯಲು ಇಪ್ಪತ್ತೈದು ನಿಮಿಷ. ಗೆದ್ದು ಹಾಡುತ್ತ ಇಳಿಯುವಾಗ ಇಪ್ಪತ್ತೈದು ನಿಮಿಷ ಯಾರಿಗೂ ತಿಳಿಯುವುದಿಲ್ಲ. ಹೊಗೆ ಕಂಡರೆ ತಿಳಿಯುತ್ತದೆ.

1985ರ ಮೇ 11ರಂದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ವ್ಯಾಲಿ ಪರೇಡ್ ಮೈದಾನದಲ್ಲಿ ಕಂಡದ್ದು ಹೊಗೆಯೇ. ತಂಡ ತನ್ನ ವಿಭಾಗದಲ್ಲಿ ಗೆದ್ದು ಟ್ರೋಫಿ ಪಡೆದಿದ್ದ ದಿನ. ಹಳೆಯ ಮರದ ಗ್ಯಾಲರಿಯ ಕೆಳಗೆ ವರ್ಷಗಳಿಂದ ಬಿದ್ದ ಕಸಕ್ಕೆ ಬೆಂಕಿ ತಗುಲಿ ನಿಮಿಷಗಳಲ್ಲಿ ಚಾವಣಿಗೆ ಏರಿತು. ಹಿಂದಿನ ಬಾಗಿಲುಗಳ ಕಡೆ ಓಡಿದವರಿಗೆ ಅವು ಮುಚ್ಚಿದ್ದವು. 56 ಜನ ಸತ್ತರು. ಹೊಸ ಚಾವಣಿಯ ಕೆಲಸ ಆ ಋತು ಮುಗಿದ ಕೂಡಲೇ ಶುರುವಾಗಬೇಕಿತ್ತು. ನಾಲ್ಕು ವರ್ಷಗಳ ನಂತರ ಅದೇ ದೇಶದ ಹಿಲ್ಸ್‌ಬರೋ ಮೈದಾನದಲ್ಲಿ 97 ಜನರ ಜೀವ ಹೋದಾಗಲೂ ಕಾಂಕ್ರೀಟ್ ಒಡೆದಿರಲಿಲ್ಲ. ಬೇಲಿ ಕಟ್ಟಿದ ಕೊಂಡವಾಡಿಯಂಥ ಜಾಗಕ್ಕೆ ತಾಳಲಾರದಷ್ಟು ಜನರನ್ನು ಬಿಟ್ಟಿದ್ದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸತ್ತ 11 ಮಂದಿಯೂ ಕಟ್ಟಡ ಕುಸಿದು ಸತ್ತವರಲ್ಲ. ಕ್ರೀಡಾಂಗಣದ ಸಾವುಗಳ ಕಥೆಯಲ್ಲಿ ತೊಲೆ ಕಂಬಗಳಿಗಿಂತ ಗೇಟು, ಮೆಟ್ಟಿಲು, ಬೇಲಿಗಳ ಹೆಸರೇ ಹೆಚ್ಚು ಬರುತ್ತದೆ.

ಮೂಳೆಯ ಜೋಡಣೆ ಎಂದು ನಾನು ಹೇಳುವುದು ಇದನ್ನೇ. ದಾರಿ ಎಷ್ಟು ಅಗಲ, ಮೆಟ್ಟಿಲು ಎಷ್ಟು ಎತ್ತರ, ಕಂಬ ಎಲ್ಲಿದೆ, ಬೆನ್ನ ಹಿಂದೆ ಎಷ್ಟು ಜಾಗ. ಇವು ನಕ್ಷೆಯ ದಿನವೇ ತೀರ್ಮಾನವಾಗುತ್ತವೆ, ಗಾರೆ ಬಳಿದು ಸರಿಪಡಿಸಲು ಬರುವುದಿಲ್ಲ.

ಮೆಟ್ಟಿಲ ಎತ್ತರದ ಮಾತಿಗೆ ಒಂದು ಲೆಕ್ಕ ಹೇಳಲೇಬೇಕು, ಏಕೆಂದರೆ ನನ್ನ ಹುಡುಗರು ಇದಕ್ಕೆ ಮಾತ್ರ ಟಿವಿಯಿಂದ ಕಣ್ಣು ತೆಗೆದರು. ನಮ್ಮ ಕಡೆಯ ಕುಸ್ತಿ ಕಣ ನೆನಪಿಸಿಕೊಳ್ಳಿ. ಮುಂದಿನವರು ನೆಲದ ಮೇಲೆ, ಅವರ ಹಿಂದೆ ಕುಕ್ಕರಗಾಲಿನಲ್ಲಿ, ಅದರ ಹಿಂದೆ ನಿಂತವರು, ಕೊನೆಗೆ ಟ್ರ್ಯಾಕ್ಟರ್ ಏರಿದವರು. ಯಾವ ಎಂಜಿನಿಯರನೂ ಹೇಳಿಕೊಡದೆ ಜನ ಮಾಡಿಕೊಂಡ ವ್ಯವಸ್ಥೆ. ಗ್ಯಾಲರಿಯಲ್ಲಿ ಆ ಕೆಲಸ ಮೆಟ್ಟಿಲಿನದ್ದು. ಮುಂದೆ ಕೂತವನ ಕಣ್ಣು ಮೈದಾನದ ಗೆರೆಯಿಂದ ಎಂಟು ಮೀಟರ್ ದೂರ, ಎರಡು ಮೀಟರ್ ಎತ್ತರದಲ್ಲಿದೆ ಎನ್ನೋಣ. ಸಾಲಿನಿಂದ ಸಾಲಿಗೆ 80 ಸೆಂಟಿಮೀಟರ್. ಮೆಟ್ಟಿಲ ಎತ್ತರ 20 ಸೆಂಟಿಮೀಟರ್ ಇದ್ದರೆ ಹಿಂದಿನವನ ನೋಟ ಮುಂದಿನವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ತಗುಲುತ್ತದೆ. ಅಂದರೆ ಅವನಿಗೆ ಕಾಣುವುದು ತಲೆ, ಗೆರೆಯಲ್ಲ. ಅದೇ 30 ಸೆಂಟಿಮೀಟರ್ ಇದ್ದರೆ ನೋಟ 9 ಸೆಂಟಿಮೀಟರ್ ಮೇಲಿನಿಂದ ಹಾದುಹೋಗುತ್ತದೆ. ಆರು ಸೆಂಟಿಮೀಟರ್ ಇದ್ದರೆ ನಡೆಯುತ್ತದೆ, ಒಂಬತ್ತು ಇದ್ದರೆ ಚೆನ್ನ ಎಂಬುದು ವಿನ್ಯಾಸಕಾರರ ರೂಢಿ. ಮೇಲಕ್ಕೆ ಹೋದಂತೆ ಮೆಟ್ಟಿಲು ಇನ್ನೂ ಎತ್ತರವಾಗುತ್ತ ಹೋಗಬೇಕು, ಆದರೆ ಇಳಿಜಾರು 34 ಡಿಗ್ರಿ ದಾಟಬಾರದು, ದಾಟಿದರೆ ತಲೆ ಸುತ್ತುತ್ತದೆ. ಹತ್ತು ಸೆಂಟಿಮೀಟರ್ ಕಾಂಕ್ರೀಟ್ ಉಳಿಸಿದ ಹಳಬರ ಜಿಪುಣತನವನ್ನು ಐವತ್ತು ವರ್ಷ ಪ್ರೇಕ್ಷಕರು ಕತ್ತು ಚಾಚಿ ತೀರಿಸುತ್ತಾರೆ.

ಓಲ್ಡ್ ಟ್ರಾಫರ್ಡಿನ ನಿಜವಾದ ತೊಡಕು ಅದರ ದಕ್ಷಿಣ ಗ್ಯಾಲರಿ. ಬಾಬಿ ಚಾರ್ಲ್‌ಟನ್ ಹೆಸರಿನ ಆ ಗ್ಯಾಲರಿಯ ಬೆನ್ನಿಗೇ ರೈಲು ಹಳಿ ಹಾದಿದೆ. ಉಳಿದ ಮೂರು ಬದಿ ಬೆಳೆದು ಮೇಲೇರಿದರೂ ಅದೊಂದು ಗಿಡ್ಡವಾಗಿಯೇ ಉಳಿದಿರುವುದು ಅದಕ್ಕೇ. ರೈಲ್ವೆ ಗೇಟಿನ ಮುಂದೆ ಸ್ಕೂಟರ್ ಬಂದ್ ಮಾಡಿ ನಿಂತು ಬೆಳೆದ ಟಿಳಕವಾಡಿಯ ಹುಡುಗರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಹಳಿಯ ಮೇಲೆ ಸೇತುವೆಯಂತೆ ಚಾಚಿ ಕಟ್ಟಲು ಬರುವುದಿಲ್ಲವೇ? ಬರುತ್ತದೆ. ರೈಲು ನಿಂತ ರಾತ್ರಿಗಳಲ್ಲಷ್ಟೇ ಕೆಲಸ, ಹಳಿಯವರ ಒಪ್ಪಿಗೆ, ದುಪ್ಪಟ್ಟು ಉಕ್ಕು. ಇಷ್ಟೆಲ್ಲ ಮಾಡಿದ ಮೇಲೂ ಉಳಿದ ಮೂರು ಬದಿಯ ಇಕ್ಕಟ್ಟು ಹಾಗೇ ಇರುತ್ತದೆ. ಹೊಸದಕ್ಕೆ ಅಂದಾಜು 200 ಕೋಟಿ ಪೌಂಡ್ ಎನ್ನುತ್ತಾರೆ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ಅದಕ್ಕೆ ಮೂರು ಕಂಬದ ದೊಡ್ಡ ಛತ್ರಿಯೊಂದನ್ನು ಚಿತ್ರಿಸಿದೆ. ಛತ್ರಿಯ ಬಗ್ಗೆ ನನಗೆ ಉತ್ಸಾಹವಿಲ್ಲ. ಕ್ಲಬ್ಬಿನ ತಲೆಯ ಮೇಲೆ ಈಗಾಗಲೇ ಇರುವ ಸಾಲ ನೋಡಿದರೆ ಮಳೆಗಿಂತ ಬಡ್ಡಿಯೇ ಜೋರು.

ರಿಪೇರಿ ಪಕ್ಷದವರು ಲಿವರ್‌ಪೂಲಿನ ಆನ್‌ಫೀಲ್ಡ್ ಕ್ರೀಡಾಂಗಣದ ಉದಾಹರಣೆ ಎತ್ತಿದರು, ಬೈಯುತ್ತಲೇ, ಏಕೆಂದರೆ ಎದುರಾಳಿ. ಅಲ್ಲಿ ಮುಖ್ಯ ಗ್ಯಾಲರಿಯ ಹಿಂದೆಯೇ ಹೊಸ ಉಕ್ಕಿನ ಚೌಕಟ್ಟು ಎಬ್ಬಿಸಿ, ಹಳೆಯದರಲ್ಲಿ ಪಂದ್ಯ ನಡೆಸುತ್ತಲೇ 2016ರಲ್ಲಿ ಹೊಸದನ್ನು ತೆರೆದರು. ಸರಿಯಾದ ದಾರಿಯೇ. ಆದರೆ ಹಿಂದೆ ಜಾಗ ಬೇಕಿತ್ತು, ಅದಕ್ಕಾಗಿ ಸುತ್ತಲಿನ ಮನೆಗಳನ್ನು ಕೊಂಡು ಕೆಡವಿದರು. ಆ ಓಣಿಯವರ ಸಿಟ್ಟು ಇನ್ನೂ ಆರಿಲ್ಲ. ಅದೇ ಊರಿನ ಎವರ್ಟನ್ ಕ್ಲಬ್ಬಿಗೆ ಅಂಥ ಜಾಗ ಇರಲಿಲ್ಲ. 1892ರಿಂದ ಆಡಿದ ಗುಡಿಸನ್ ಪಾರ್ಕ್ ಮನೆಗಳ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ನೋಟಕ್ಕೆ ಅಡ್ಡ ಬರುವ ಕಂಬಗಳು. 2025ರಲ್ಲಿ ಪುರುಷರ ತಂಡ ನದಿದಂಡೆಯ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹಳೆಯದನ್ನು ಮಹಿಳಾ ತಂಡಕ್ಕೆ ಉಳಿಸಿಕೊಂಡರು. ನನಗೆ ಇದು ಹಿಡಿಸಿತು. ದೊಡ್ಡ ಗುಂಪಿಗೆ ಸಾಲದ ದಾರಿಗಳು ಸಣ್ಣ ಗುಂಪಿಗೆ ಧಾರಾಳವಾಗಿ ಸಾಲುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಓಲ್ಡ್ ಟ್ರಾಫರ್ಡಿನ ವಿಷಯದಲ್ಲಿ ಕೆಡವುವ ಪಕ್ಷದವರು ತಪ್ಪು ಕಾರಣ ಹಿಡಿದು ಸರಿಯಾದ ಕಡೆ ನಿಂತಿದ್ದಾರೆ. ಟಿಕೆಟ್ ದರದ ಹುಡುಗನಿಗೆ ಕೊಡಲು ನನ್ನಲ್ಲಿ ಯಾವ ಸಮಾಧಾನವೂ ಇಲ್ಲ. ಸಾಲದಲ್ಲಿ ಕಟ್ಟಿದ ಆಸನದ ಬೆಲೆಯನ್ನು ಕೊನೆಗೆ ಅದರ ಮೇಲೆ ಕೂರುವವನೇ ಕೊಡುತ್ತಾನೆ.

ಅಂದು ಅವರಿಗೆ ಇನ್ನೊಂದು ಮಾತು ಹೇಳಿದ್ದೆ. ಗ್ಯಾಲರಿ ಪರೀಕ್ಷಿಸಲು ಹೋದಾಗ ನಾನು ಮೊದಲು ಮಾತಾಡಿಸುವುದು ಕಾವಲುಗಾರನನ್ನು, ಆಮೇಲೆ ವರ್ಷಗಳಿಂದ ಪಂದ್ಯ ನೋಡುವವರನ್ನು. ಎಲ್ಲಿ ಹನಿ ಬೀಳುತ್ತದೆ, ಯಾವ ತಿರುವಿನಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ, ಗೋಲು ಬಿದ್ದಾಗ ಯಾವ ಸಾಲು ಕಾಲಡಿಯಲ್ಲಿ ನಡುಗುತ್ತದೆ ಎಂಬುದು ಯಂತ್ರಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಆ ಗ್ಯಾಲರಿಯ ಬೀಗದ ವಿಷಯವೂ ಕಡತದಲ್ಲಿರಲಿಲ್ಲ. ಕಡಲೆ ಮಾರುವ ಮುದುಕ ಹೇಳಿದ್ದ. ಕೀಲಿ ಯಾರ ಹತ್ತಿರ ಎಂದು ಕೇಳಿದರೆ, “ಸಾಹೇಬರ ಹತ್ತಿರ. ಅವರು ಪಂದ್ಯಕ್ಕೆ ಬರುವುದಿಲ್ಲ” ಎಂದಿದ್ದ. ನನ್ನ ವರದಿಯಲ್ಲಿ ತುಕ್ಕಿಗೆ ಎಂಟು ಪುಟ ಮೀಸಲಿಟ್ಟೆ, ಮೊದಲ ಸಾಲಿನಲ್ಲಿ ಮಾತ್ರ ಆ ಕೀಲಿಯ ವಿಷಯ ಬರೆದೆ.

ಕಳೆದ ಭಾನುವಾರ ಅಣ್ಣನ ಮಗ ಊರಿನ ಟೂರ್ನಿಯೊಂದನ್ನು ನೋಡಲು ಹೋಗಿದ್ದವನು ಮೊಬೈಲಿನಲ್ಲಿ ಒಂದು ಫೋಟೊ ಕಳಿಸಿದ. ಗ್ಯಾಲರಿಯ ಮೆಟ್ಟಿಲಿಗೆ ಅಡ್ಡಲಾಗಿ ಟೇಪು ಹಿಡಿದಿದ್ದಾನೆ, 1.5 ಮೀಟರ್. ಪಕ್ಕದಲ್ಲೇ ಟಿಕೆಟ್ ಹರಿಯುವವರ ಮೇಜು, ಅದು ತಿಂದದ್ದು ಅರ್ಧ ಮೀಟರ್. “ಕಾಕಾ, ಎಂಟು ನಿಮಿಷಕ್ಕೆ ಎಷ್ಟು ಜನ?” ಎಂದು ಕೇಳಿದ್ದ. 528 ಎಂದು ಬರೆದು, ಮೇಜು ಎತ್ತಿಸಿದರೆ 792 ಎಂದು ಸೇರಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೊ ಬಂತು. ಮೇಜು ಅಲ್ಲೇ ಇತ್ತು. ಅದರ ಹಿಂದೆ ಕೂತವರು ಇವನನ್ನು ದುರುಗುಟ್ಟಿ ನೋಡುತ್ತಿದ್ದರು.